ಸೀನಿಯರ್ ಪೋರ್ಟ್ರೇಟ್ ತೆಗೆದು ಬರೀ ಲಿಂಕ್ ಕಳಿಸ್ಬೇಡಿ: ಪ್ರಿಂಟು, ಆಲ್ಬಮ್ಮು ಮಾರೋದು ಹೇಗೆ ಅಂತ ಹಂತ ಹಂತವಾಗಿ

ಪ್ರತಿ ವರ್ಷ ಫೆಬ್ರವರಿ ಮಾರ್ಚ್ ಬಂತು ಅಂದ್ರೆ ಒಂದೇ ಥರದ ಮೆಸೇಜು ಬರೋಕೆ ಶುರು. "ನನ್ನ ಹತ್ರ ಒಳ್ಳೆ ಕ್ಯಾಮೆರಾ ಇದೆ, ಕನ್ನಡ ಕೂಟದ ಫಂಕ್ಷನ್ನಲ್ಲಿ ಫೋಟೋ ತೆಗೀತೀನಿ, ಈಗ ಫ್ರೆಂಡ್ಸು ಮಕ್ಕಳ ಸೀನಿಯರ್ ಪಿಕ್ಚರ್ಸ್ ತೆಗೆದ್ಕೊಡಿ ಅಂತಿದಾರೆ, ಎಷ್ಟು ತಗೊಳ್ಲಿ, ಪ್ರಿಂಟ್ಸ್ ಅಂದ್ರೆ ಯಾರೂ ಕೇಳಲ್ಲ, ಎಲ್ರಿಗೂ ಬರೀ ಡ್ರೈವ್ ಲಿಂಕ್ ಬೇಕು, ಏನ್ ಮಾಡೋದು" ಅಂತ. ಒಬ್ಬೊಬ್ರಿಗೂ ಉತ್ತರ ಟೈಪ್ ಮಾಡೋದಕ್ಕಿಂತ ಒಂದ್ಸಲ ಪೂರ್ತಿ ಬರೆದು ಇಟ್ಬಿಡೋಣ ಅಂತ ಇದನ್ನ ಬರೀತಿದೀನಿ. ನಾನಿರೋದು ಅಮೆರಿಕದ ಡಾಲಸ್ ಕಡೆ, ಅದಕ್ಕೆ ಉದಾಹರಣೆಗಳು ಟೆಕ್ಸಾಸ್‌ದು, ನ್ಯೂಜೆರ್ಸಿ ಅಥವಾ ಬೇ ಏರಿಯಾದಲ್ಲಿ ಇರೋರು ಟ್ಯಾಕ್ಸು, ಪರ್ಮಿಟ್ಟು, ಹವಾಮಾನ ಇಷ್ಟನ್ನ ನಿಮ್ಮ ಊರಿಗೆ ಹೊಂದಿಸ್ಕೊಳ್ಳಿ.

ಊರಿಂದ ಓದೋರಿಗೆ ಒಂದು ಮಾತು. ಇಲ್ಲಿ ಸೀನಿಯರ್ ಅಂದ್ರೆ ವಯಸ್ಸಾದೋರಲ್ಲ. ಹೈಸ್ಕೂಲು 9ನೇ ಕ್ಲಾಸಿಂದ 12ನೇ ಕ್ಲಾಸಿನ ತನಕ, ಫ್ರೆಶ್‌ಮನ್, ಸಾಫಮೋರ್, ಜೂನಿಯರ್, ಸೀನಿಯರ್ ಅಂತ ನಾಲ್ಕು ವರ್ಷಕ್ಕೂ ಒಂದೊಂದು ಹೆಸರು. ಸೀನಿಯರ್ ಅಂದ್ರೆ 12ನೇ ಕ್ಲಾಸು, 17-18 ವಯಸ್ಸು, ಅದು ಮುಗಿದ್ರೆ ಮಗು ಮನೆ ಬಿಟ್ಟು ಕಾಲೇಜಿಗೆ ಹೋಗುತ್ತೆ. ಅದಕ್ಕೇ ಆ ವರ್ಷ ಚೆನ್ನಾಗಿ ಒಂದು ಫೋಟೋ ಸೆಷನ್ ಮಾಡಿಸೋದು ಇಲ್ಲಿನ ಹಳೇ ಪದ್ಧತಿ. ಈಗ ನಮ್ಮ ಮನೆಗಳಲ್ಲೂ ಮಾಡಿಸ್ತಾರೆ.

ಮೊದಲೇ ಹೇಳ್ಬಿಡ್ತೀನಿ, ಪ್ರಿಂಟ್ ಬೇಡ ಅನ್ನೋ ಗಿರಾಕಿ ನಾನು ನೋಡಿರೋದು ತುಂಬ ಕಮ್ಮಿ, ಪ್ರಿಂಟ್ ಯಾರೂ ತೋರಿಸೇ ಇಲ್ದಿರೋ ಗಿರಾಕೀನೇ ಜಾಸ್ತಿ. ಲಿಂಕ್ ಕಳಿಸಿ ಕೈ ತೊಳ್ಕೊಂಡ್ರೆ ಆ ಫೋಟೋಗಳು ಫೋನಿಗೆ ಹೋಗ್ತವೆ, ಇನ್‌ಸ್ಟಾಗ್ರಾಂಗೆ ಎರಡು ಹೋಗುತ್ತೆ, ಗೋಡೆ ಮೇಲೆ ಒಂದೂ ಬರಲ್ಲ, ಎರಡು ವರ್ಷ ಆದ್ಮೇಲೆ ಆ ಲಿಂಕೂ ಸಿಗಲ್ಲ. ಮಗು ಮನೆ ಬಿಟ್ಟು ಹೋಗೋ ವರ್ಷದ ಫೋಟೋಗೆ ಹಾಗಾಗ್ಬಾರ್ದು ಅನ್ನೋದು ನನ್ನ ಮನಸ್ಸಲ್ಲಿರೋದು, ಮಾರಾಟದ ಮಾತೆಲ್ಲ ಅದರ ಮೇಲೇನೇ ನಿಂತಿರೋದು.

ಹಂತ 1: ನೀವು ದುಡ್ಡು ತಗೊಳ್ಬಹುದಾ ಅಂತ ಮೊದ್ಲು ನೋಡ್ಕೊಳ್ಳಿ

ಇದನ್ನ ಜನ ಹಾರಿಸಿ ಮುಂದಕ್ಕೆ ಹೋಗ್ತಾರೆ, ದಯವಿಟ್ಟು ಹಾರಿಸ್ಬೇಡಿ. ಎಚ್-1ಬಿ, ಅಂದ್ರೆ ಕಂಪನಿ ಮಾಡಿಸೋ ಕೆಲಸದ ವೀಸಾ, ಅದರ ಮೇಲಿರೋರು ಸ್ಪಾನ್ಸರ್ ಮಾಡಿರೋ ಕೆಲಸ ಬಿಟ್ಟು ಸೈಡಲ್ಲಿ ಫೋಟೋಗ್ರಫಿ ಬಿಸಿನೆಸ್ ಮಾಡೋ ಹಾಗಿಲ್ಲ. ಎಚ್-4, ಅಂದ್ರೆ ಎಚ್-1ಬಿಯೋರ ಗಂಡ ಅಥವಾ ಹೆಂಡತಿಗೆ ಸಿಗೋ ವೀಸಾ, ಅದರ ಮೇಲಿರೋರಿಗೆ ಇಎಡಿ, ಅಂದ್ರೆ ಕೆಲಸ ಮಾಡೋಕೆ ಸರ್ಕಾರ ಕೊಡೋ ಪರ್ಮಿಟ್ ಕಾರ್ಡು, ಇರ್ಲೇಬೇಕು. ಎಚ್-4 ಇಎಡಿ ಶುರುವಾಗಿದ್ದು 2015ರಲ್ಲಿ, ಅದೂ ಎಲ್ಲಾ ಎಚ್-4ನೋರಿಗೂ ಸಿಗಲ್ಲ, ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತಕ್ಕೆ ಬಂದಿರ್ಬೇಕು. "ದುಡ್ಡು ತಗೊಳ್ಳಲ್ಲ, ಗಿಫ್ಟ್ ಕಾರ್ಡ್ ತಗೊಳ್ತೀನಿ" ಅಂದ್ರೂ ಅದು ಸಂಪಾದನೇನೇ. ಸ್ವಲ್ಪ ಅನುಮಾನ ಇದ್ರೂ ಇಮಿಗ್ರೇಷನ್ ಲಾಯರ್ ಹತ್ರ ಒಂದ್ಸಲ ಮಾತಾಡಿ, ಫೋಟೋ ಆಸೆಗೆ ವೀಸಾ ಕಳ್ಕೊಳ್ಳೋದು ಬೇಡ.

ಆಮೇಲೆ ಬಿಸಿನೆಸ್ ಹೆಸರು ರಿಜಿಸ್ಟರ್ ಮಾಡ್ಸಿ, ಬೇರೆ ಬ್ಯಾಂಕ್ ಅಕೌಂಟ್ ತೆಗೀರಿ, ಲಯಬಿಲಿಟಿ ಇನ್ಶೂರೆನ್ಸ್ ಮಾಡ್ಸಿ. ಲೈಟ್ ಸ್ಟ್ಯಾಂಡ್ ಬಿದ್ದು ಯಾರಿಗಾದ್ರೂ ಪೆಟ್ಟಾದ್ರೆ ಅದು ನಿಮ್ಮ ಮನೆ ಮೇಲೆ ಬರ್ಬಾರ್ದು. ಸೇಲ್ಸ್ ಟ್ಯಾಕ್ಸ್ ಪರ್ಮಿಟ್ ಟೆಕ್ಸಾಸ್‌ನಲ್ಲಿ ಫ್ರೀ. ಇಲ್ಲಿ ರಾಜ್ಯದ್ದು 6.25%, ಊರಿಂದು ಸೇರಿ ಹೆಚ್ಚಂದ್ರೆ 8.25%, ಅಂದ್ರೆ 1,100 ಡಾಲರ್ ಆರ್ಡರ್ ಮೇಲೆ 90 ಡಾಲರ್ 75 ಸೆಂಟು. ಇದು ನಿಮ್ಮ ದುಡ್ಡಲ್ಲ, ಸರ್ಕಾರದ್ದು, ಗಿರಾಕಿ ಹತ್ರ ಮೇಲಿಂದ ತಗೊಂಡು ಕಟ್ಬೇಕು. ಪ್ರಿಂಟ್ ಜೊತೆ ಬರೋ ಸಿಟ್ಟಿಂಗ್ ಫೀ, ಅಂದ್ರೆ ಫೋಟೋ ಸೆಷನ್ನಿಗೆ ತಗೊಳ್ಳೋ ದುಡ್ಡು, ಅದರ ಮೇಲೂ ಇಲ್ಲಿ ಟ್ಯಾಕ್ಸ್ ಸೇರುತ್ತೆ, ಹೊಸಬರು ಎಡವೋದು ಇಲ್ಲೇ. ಪರ್ಮಿಟ್ ಇದ್ರೆ ಪ್ರಿಂಟ್ ಹಾಕೋ ಲ್ಯಾಬಿಗೆ ರೀಸೇಲ್ ಸರ್ಟಿಫಿಕೇಟ್, ಅಂದ್ರೆ ಮತ್ತೆ ಮಾರೋಕೆ ತಗೊಳ್ತಿದೀನಿ ಅನ್ನೋ ಪತ್ರ, ಕೊಡ್ಬಹುದು, ಆಗ ಲ್ಯಾಬ್‌ನೋರು ನಿಮಗೆ ಟ್ಯಾಕ್ಸ್ ಹಾಕಲ್ಲ. ಬೇರೆ ರಾಜ್ಯದ ರೂಲ್ಸ್ ಬೇರೆ, ಡಿಜಿಟಲ್ ಫೈಲ್ ಮೇಲೆ ಟ್ಯಾಕ್ಸ್ ಇದ್ಯಾ ಇಲ್ವಾ ಅನ್ನೋದಂತೂ ಒಂದೊಂದು ಕಡೆ ಒಂದೊಂದು ಥರ, ನಿಮ್ಮ ರಾಜ್ಯದ ಟ್ಯಾಕ್ಸ್ ಇಲಾಖೆ ಸೈಟಲ್ಲಿ ನೋಡಿ.

ಹಂತ 2: ವರ್ಷದ ಲೆಕ್ಕ ಗೋಡೆ ಮೇಲೆ ಬರ್ಕೊಳ್ಳಿ

ಸೀನಿಯರ್ ಸೀಸನ್ ಸೀನಿಯರ್ ಆದ್ಮೇಲೆ ಶುರುವಾಗಲ್ಲ, ಜೂನಿಯರ್ ವರ್ಷದ ಜನವರೀಲೇ ಶುರು. ಜನವರಿಯಿಂದ ಏಪ್ರಿಲ್ ತನಕ ಪ್ರಚಾರ, ಬುಕಿಂಗ್. ಜೂನಿಂದ ಸೆಪ್ಟೆಂಬರ್ ತನಕ ಶೂಟಿಂಗ್. ಇಯರ್‌ಬುಕ್, ಅಂದ್ರೆ ಸ್ಕೂಲಿಂದ ಬರೋ ವಾರ್ಷಿಕ ಫೋಟೋ ಪುಸ್ತಕ, ಅದಕ್ಕೆ ಫೋಟೋ ಕೊಡೋ ಕೊನೇ ದಿನ ಸಾಮಾನ್ಯವಾಗಿ ಅಕ್ಟೋಬರ್ ನವೆಂಬರ್ ಆಸುಪಾಸು. ಮಾರ್ಚ್ ಏಪ್ರಿಲಲ್ಲಿ ಕ್ಯಾಪ್ ಅಂಡ್ ಗೌನ್, ಅಂದ್ರೆ ಗ್ರ್ಯಾಜುಯೇಷನ್ ಟೋಪಿ ನಿಲುವಂಗಿ ಹಾಕ್ಕೊಂಡು ತೆಗೆಸೋ ಸೆಷನ್ನು, ಗ್ರ್ಯಾಜುಯೇಷನ್ ಕಾರ್ಡು. ಮೇ ಕೊನೆ ಜೂನ್ ಶುರುವಲ್ಲಿ ಗ್ರ್ಯಾಜುಯೇಷನ್ನು, ಪಾರ್ಟಿ.

ಇಲ್ಲಿ ನಮ್ಮವರ ಮನೆಗಳದ್ದೇ ಒಂದು ವಿಷಯ ಇದೆ. ಅಕ್ಟೋಬರ್ ಕೊನೆ, ನವೆಂಬರಲ್ಲಿ ಆ ಮಕ್ಕಳು ಕಾಲೇಜ್ ಅಪ್ಲಿಕೇಷನ್ ಪ್ರಬಂಧ ಬರೀತಾ ಕೂತಿರ್ತಾರೆ, ನವೆಂಬರ್ 1ಕ್ಕೆ ಎಷ್ಟೋ ಕಾಲೇಜುಗಳ ಅರ್ಲಿ ಡೆಡ್‌ಲೈನ್ ಇರುತ್ತೆ, ಅಪ್ಪ ಅಮ್ಮ ಇಬ್ರೂ ಟೆನ್ಷನ್ನಲ್ಲಿ ಇರ್ತಾರೆ. ಆ ಹೊತ್ತಲ್ಲಿ ಆಲ್ಬಮ್ ಆರ್ಡರ್ ಮಾಡಿ ಅಂತ ಹೋದ್ರೆ ಯಾರೂ ತಲೆ ಹಾಕಲ್ಲ. ಶೂಟು, ಆರ್ಡರು ಎರಡೂ ಸೆಪ್ಟೆಂಬರ್ ಒಳಗೆ ಮುಗಿಸಿ. ಅರಂಗೇಟ್ರಂ ಕೂಡ ಹೆಚ್ಚಾಗಿ ಇದೇ ವಯಸ್ಸಲ್ಲಿ, ಬೇಸಿಗೆ ರಜೇಲೇ ಆಗೋದು, ಡೇಟ್ ಕೇಳ್ಕೊಂಡು ಬುಕ್ ಮಾಡಿ, ಆ ತಿಂಗಳು ಆ ಮನೇಲಿ ಫೋಟೋಗೆ ಬಜೆಟ್ಟೂ ಇರಲ್ಲ, ಪುರುಸೊತ್ತೂ ಇರಲ್ಲ.

ಹಂತ 3: ಏನೇನ್ ಮಾರ್ತೀರಿ ಅಂತ ತೀರ್ಮಾನ ಮಾಡಿ, ಸ್ಯಾಂಪಲ್ ತರಿಸಿ

ಲ್ಯಾಬ್ ಕ್ಯಾಟಲಾಗ್ ತೆಗೆದ್ರೆ ನೂರಾರು ಐಟಂ ಇರುತ್ತೆ, ಮಗ್ಗು, ಕೀಚೈನು, ಮೌಸ್‌ಪ್ಯಾಡು. ಎಲ್ಲಾ ಇಟ್ಕೋಬೇಡಿ. ಆರೇಳು ಸಾಕು.

ಗೋಡೆಗೆ ಹಾಕೋದು: ಕ್ಯಾನ್ವಾಸ್, ಅಂದ್ರೆ ಬಟ್ಟೆ ಮೇಲೆ ಪ್ರಿಂಟ್ ಮಾಡಿ ಮರದ ಚೌಕಟ್ಟಿಗೆ ಸುತ್ತಿರೋದು, ಅಥವಾ ಮೆಟಲ್ ಪ್ರಿಂಟು, ಅಂದ್ರೆ ಅಲ್ಯುಮಿನಿಯಂ ಹಾಳೆ ಮೇಲೆ ಬಣ್ಣ ಇಳಿಸಿರೋದು, ಅಥವಾ ಫ್ರೇಮ್ ಹಾಕಿದ ಪ್ರಿಂಟು. ಸೈಜು 16×24, 20×30 ಇಂಚು. ಇದರಲ್ಲಿ ಎರಡು ಥರ ಇಟ್ಕೊಳ್ಳಿ ಸಾಕು.

ಫೋಲಿಯೋ ಬಾಕ್ಸು: ಗಟ್ಟಿ ಡಬ್ಬಿ, ಅದರೊಳಗೆ ಮ್ಯಾಟ್ ಹಾಕಿದ 8×10 ಸೈಜಿನ ಹತ್ತೋ ಹದಿನೈದೋ ಪ್ರಿಂಟು ಬಿಡಿಬಿಡಿಯಾಗಿ. ಮ್ಯಾಟ್ ಅಂದ್ರೆ ಫೋಟೋ ಸುತ್ತ ಇರೋ ದಪ್ಪ ರಟ್ಟಿನ ಅಂಚು. ಗೋಡೆ ತುಂಬ ಈಗಾಗ್ಲೇ ದೇವರ ಫೋಟೋ, ತಂಜಾವೂರು ಪೇಂಟಿಂಗು ಇದೆ ಅನ್ನೋ ಮನೆಗಳಿಗೆ ಇದು ಹೇಳಿ ಮಾಡಿಸಿದ ಹಾಗೆ. ಒಂದೊಂದೇ ಕೈಗೆತ್ಕೊಂಡು ನೋಡ್ಬಹುದು.

ಲೇ ಫ್ಲಾಟ್ ಆಲ್ಬಮ್: ಪುಟ ಬಿಚ್ಚಿದ್ರೆ ಮಧ್ಯ ಮಡಿಕೆ ಏಳದೆ ಸಪಾಟಾಗಿ ಕೂರೋ ಆಲ್ಬಮ್ಮು. 10×10 ದೊಡ್ಡದು ಮನೆಗೆ, ಅದೇ ಡಿಸೈನಿಂದು ಪುಟ್ಟ ಕಾಪಿ ಎರಡು ಊರಿಗೆ. ಈ ಪುಟ್ಟ ಕಾಪಿ ವಿಷಯ ಮರೀಬೇಡಿ. ದಾವಣಗೆರೇಲಿರೋ ಅಜ್ಜಿಗೆ ಲಿಂಕ್ ಕಳಿಸಿದ್ರೆ ಯಾರೋ ಮೊಮ್ಮಕ್ಕಳು ಫೋನ್ ಹಿಡಿದು ತೋರಿಸ್ಬೇಕು, ಅದೇ ಅಂಗೈ ಅಗಲದ ಆಲ್ಬಮ್ಮು ಕ್ಯಾಬಿನ್ ಬ್ಯಾಗಲ್ಲಿ ಹೋಗ್ಬಿಟ್ರೆ ಬಂದ ನೆಂಟ್ರಿಗೆಲ್ಲ ಅಜ್ಜೀನೇ ತೋರಿಸ್ತಾರೆ. ಕನ್ನಡದ ಮನೆಗಳಲ್ಲಿ ನಾನು ಮಾರೋದ್ರಲ್ಲಿ ಒಂದು ಮಾತೂ ಜಾಸ್ತಿ ಹೇಳ್ದೆ ಹೋಗೋ ಐಟಂ ಇದೊಂದೇ.

ಇನ್ನು ವಾಲೆಟ್, 2.5×3.5 ಇಂಚಿನ ಪುಟ್ಟ ಪ್ರಿಂಟು, ಹಿಂದೆ ಬರೆದು ಫ್ರೆಂಡ್ಸಿಗೆ ಕೊಡೋಕೆ. ಗ್ರ್ಯಾಜುಯೇಷನ್ ಕಾರ್ಡು. ಪಾರ್ಟಿ ಹಾಲಲ್ಲಿ ಬಾಗಿಲ ಹತ್ರ ನಿಲ್ಲಿಸೋ ದೊಡ್ಡ ಫೋಮ್ ಬೋರ್ಡು. ಕೊನೇದು ಡಿಜಿಟಲ್ ಫೈಲು. ಹೌದು, ಫೈಲೂ ಮಾರಿ, ಬೇಡ ಅಂತ ನಾನ್ ಹೇಳಲ್ಲ, ಆದ್ರೆ ಅದು ನಿಮ್ಮ ಅಂಗಡೀಲಿ ತುಂಬ ಅಗ್ಗದ ವಸ್ತು ಆಗ್ಬಾರ್ದು.

ಸ್ಯಾಂಪಲ್ ಇಲ್ದೆ ಏನೂ ಮಾರೋಕಾಗಲ್ಲ, ಇದನ್ನ ಗಟ್ಟಿಯಾಗಿ ಹೇಳ್ತೀನಿ. ಡಬ್ಲ್ಯೂಎಚ್‌ಸಿಸಿ, ಮಿಲ್ಲರ್ಸ್, ಬೇ ಫೋಟೋ ಥರದ ಪ್ರೊಫೆಷನಲ್ ಲ್ಯಾಬುಗಳಲ್ಲಿ ಅಕೌಂಟ್ ಮಾಡಿ, ಸ್ಟುಡಿಯೋ ಸ್ಯಾಂಪಲ್‌ಗೆ ರಿಯಾಯ್ತಿ ಇದ್ಯಾ ಕೇಳಿ. ಒಂದು 20×30, ಒಂದು ಬಾಕ್ಸು, ಒಂದು ಆಲ್ಬಮ್ಮು, ಇಷ್ಟಕ್ಕೆ ಮೊದಲು ದುಡ್ಡು ಹಾಕಿ. ಹೊಸ ಲೆನ್ಸ್ ಆಮೇಲೆ ತಗೊಳ್ಳಿ. ಇಲ್ಲಿ ಔಷಧಿ ಅಂಗಡೀಲೂ ಫೋಟೋ ಪ್ರಿಂಟ್ ಹಾಕ್ತಾರೆ, ಅಲ್ಲಿ ಹಾಕ್ಸಿ ಮಾರ್ಬೇಡಿ, ಬಣ್ಣ ಪ್ರತಿ ಸಲ ಬೇರೆ ಬರುತ್ತೆ. ಇನ್ನೊಂದು, ಮಾನಿಟರ್ ಕ್ಯಾಲಿಬ್ರೇಟ್ ಮಾಡ್ಕೊಳ್ಳಿ, ಅಂದ್ರೆ ಪರದೆ ಬಣ್ಣ ಬೆಳಕು ಸರಿಗಟ್ಟೋ ಪುಟ್ಟ ಉಪಕರಣ ಸಿಗುತ್ತೆ, ಅದನ್ನ ಇಟ್ಟು ಹೊಂದಿಸಿ. ಜೋರು ಬೆಳಕಿಟ್ಟಿರೋ ಪರದೇಲಿ ಎಡಿಟ್ ಮಾಡಿದ ಫೋಟೋ ಪ್ರಿಂಟಲ್ಲಿ ಕಪ್ಪಾಗಿ ಬರುತ್ತೆ, ನಮ್ಮ ಮೈಬಣ್ಣಕ್ಕಂತೂ ಅದು ಬೇಗ ಗೊತ್ತಾಗುತ್ತೆ.

ಹಂತ 4: ಬೆಲೆ

ಎಲ್ರೂ ಕೇಳೋದು ಇದನ್ನೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ನಿಮ್ಮ ಊರಲ್ಲಿ ಬೇರೆಯವರು ಎಷ್ಟು ತಗೊಳ್ತಾರೆ ಅಂತ ನೋಡಿ ಅದಕ್ಕಿಂತ 50 ಡಾಲರ್ ಕಮ್ಮಿ ಇಡೋದು ಬೆಲೆ ಕಟ್ಟೋ ರೀತಿ ಅಲ್ಲವೇ ಅಲ್ಲ. ನಿಮ್ಮ ಗಂಟೆ ಎಣಿಸಿ.

ಒಂದು ಸೆಷನ್‌ಗೆ ಫೋನು ಮೆಸೇಜು 1 ಗಂಟೆ, ಓಡಾಟ 1, ಶೂಟು 2, ಆರಿಸಿ ಎಡಿಟ್ ಮಾಡೋದು 4, ಆರ್ಡರ್ ತಗೊಳ್ಳೋದು ಒಂದೂವರೆ, ಲ್ಯಾಬಿಗೆ ಹಾಕಿ ಬಂದಿದ್ದನ್ನ ಚೆಕ್ ಮಾಡಿ ತಲುಪಿಸೋದು ಒಂದೂವರೆ. ಒಟ್ಟು 11 ಗಂಟೆ. ಈಗ "300 ಡಾಲರ್, ಎಲ್ಲಾ ಫೈಲೂ ಸೇರಿ" ಅಂದ್ರಿ ಅಂತಿಟ್ಕೊಳ್ಳಿ. ಪೆಟ್ರೋಲು, ಸಾಫ್ಟ್‌ವೇರು, ಇನ್ಶೂರೆನ್ಸಿನ ಪಾಲು ಅಂತ 60 ಹೋದ್ರೆ 240 ಉಳೀತು. ಸ್ವಂತ ದುಡಿಮೆಗೆ ಕಟ್ಟೋ ಸೆಲ್ಫ್ ಎಂಪ್ಲಾಯ್ಮೆಂಟ್ ಟ್ಯಾಕ್ಸ್ ರೇಟು 15.3%, ಪೂರ್ತಿ 240ರ ಮೇಲೆ ಹಾಕಲ್ಲ, ಸ್ವಲ್ಪ ಕಳೆದು ಹಾಕೋದ್ರಿಂದ ಅದು ಸುಮಾರು 34 ಡಾಲರ್. ಕೈಗೆ ಬಂದಿದ್ದು 206. ಗಂಟೆಗೆ 19 ಡಾಲರ್ ಕೂಡ ಬೀಳ್ಲಿಲ್ಲ, ಇನ್‌ಕಮ್ ಟ್ಯಾಕ್ಸ್ ಇನ್ನೂ ಬಾಕಿ, ಕ್ಯಾಮೆರಾ ಸವೆತ ಲೆಕ್ಕಕ್ಕೇ ಹಿಡಿದಿಲ್ಲ. ಹೀಗೆ ಎರಡು ಬೇಸಿಗೆ ಮಾಡಿ ಬೇಸತ್ತು ಬಿಟ್ಟೋರನ್ನ ನಾನು ತುಂಬ ಜನರನ್ನ ನೋಡಿದೀನಿ, ಒಳ್ಳೆ ಕೈ ಇದ್ದೋರು.

ನಾನು ಹೇಳೋ ರೀತಿ ಹೀಗೆ. ಸೆಷನ್ ಫೀ ಬೇರೆ, ಪ್ರಾಡಕ್ಟ್ ಬೇರೆ. ಸೆಷನ್ ಫೀ ಅಂದ್ರೆ ನಿಮ್ಮ ಸಮಯಕ್ಕೆ, ಕೈಚಳಕಕ್ಕೆ, ಅದನ್ನ ಬುಕ್ ಮಾಡೋವಾಗ್ಲೇ ತಗೊಳ್ಳಿ, ಅದರಲ್ಲಿ ಫೋಟೋ ಬರಲ್ಲ ಅಂತ ಬಾಯಿ ಬಿಟ್ಟು ಹೇಳಿ. ಪ್ರಾಡಕ್ಟಿಗೆ ಲ್ಯಾಬ್ ಖರ್ಚು, ಶಿಪ್ಪಿಂಗ್, ಡಬ್ಬಿ ಎಲ್ಲಾ ಸೇರಿಸಿ ಬಂದಿದ್ದನ್ನ ಮೂರೂವರೆ ನಾಲ್ಕು ಪಟ್ಟು ಮಾಡಿ, ಅಲ್ಲಿಂದ ಶುರು. ನಿಮಗೆ 80 ಡಾಲರ್ ಬೀಳೋ ಕ್ಯಾನ್ವಾಸ್ 320. ಸಣ್ಣ ಪ್ರಿಂಟಿಗೆ ಈ ಗುಣಾಕಾರ ನಡೆಯಲ್ಲ, 8×10 ಪ್ರಿಂಟು ಲ್ಯಾಬಲ್ಲಿ ಕೆಲವೇ ಡಾಲರ್, ಆದ್ರೆ ಅದರ ಹಿಂದಿರೋ ಎಡಿಟಿಂಗು 20×30ಗೂ ಅಷ್ಟೇ, ಅದಕ್ಕೆ ಕೆಲಸದ ಬೆಲೆ ಹಾಕಿ.

ಆಮೇಲೆ ಮೂರು ಕಲೆಕ್ಷನ್ ಕಟ್ಟಿ, ಅಂದ್ರೆ ಊಟದ ಹೋಟೆಲಲ್ಲಿ ಮೀಲ್ಸ್ ಇರೋ ಹಾಗೆ, ಬಿಡಿಯಾಗಿ ತಗೊಳ್ಳೋದಕ್ಕಿಂತ ಒಟ್ಟಿಗೆ ಲಾಭ. ಉದಾಹರಣೆಗೆ ಅಷ್ಟೇ ಹೇಳ್ತಿದೀನಿ, ನಿಮ್ಮ ಲೆಕ್ಕ ನೀವು ಮಾಡಿ: ಸೆಷನ್ ಫೀ 200. ಚಿಕ್ಕದು 600, ಹತ್ತು ಪ್ರಿಂಟಿನ ಬಾಕ್ಸು, ಆ ಹತ್ತರ ಫೈಲು. ಮಧ್ಯದ್ದು 1,100, ಅದೇ ಬಾಕ್ಸು ಜೊತೆಗೆ ಒಂದು 20×30 ಗೋಡೆ ಪ್ರಿಂಟು. ದೊಡ್ಡದು 1,900, ಅದರ ಜೊತೆಗೆ ಆಲ್ಬಮ್ಮು, ಊರಿಗೆ ಎರಡು ಪುಟ್ಟ ಕಾಪಿ, ಗ್ರ್ಯಾಜುಯೇಷನ್ ಕಾರ್ಡು, ಎಲ್ಲಾ ಫೈಲು. ಮಧ್ಯದ್ದು ನಿಮಗೆ ಯಾವ್ದು ಮಾರಿದ್ರೆ ಸರಿ ಹೋಗುತ್ತೋ ಅದೇ ಆಗಿರ್ಲಿ. ಯಾವ ಫೋಟೋ ಪ್ರಿಂಟ್ ತಗೊಂಡ್ರೋ ಅದರ ಫೈಲು ಜೊತೆಗೆ ಕೊಡಿ, ಈ ಒಂದು ನಿಯಮ ಇಟ್ರೆ ಫೈಲ್ ಜಗಳ ಮುಕ್ಕಾಲು ಪಾಲು ಮುಗೀತು. ಫೈಲ್ ಕೊಟ್ರೂ ಕಾಪಿರೈಟು ನಿಮ್ಮದೇ, ಅವರಿಗೆ ಕೊಡೋದು ಸ್ವಂತ ಬಳಕೆಗೆ ಪ್ರಿಂಟ್ ಹಾಕ್ಸೋ ಅನುಮತಿ ಮಾತ್ರ, ಅದನ್ನ ಒಂದು ಪುಟದಲ್ಲಿ ಬರೆದು ಕೊಡಿ.

ಈಗ ದಾಕ್ಷಿಣ್ಯದ ಮಾತು. "ನಮ್ಮೋರೇ ಅಲ್ವಾ, ಸ್ವಲ್ಪ ನೋಡ್ಕೊಂಡು ಹಾಕಿ" ಅಂತ ಕೂಟದಲ್ಲಿ ಪಕ್ಕದಲ್ಲಿ ಕೂತು ಬಿಸಿಬೇಳೆಬಾತ್ ತಿನ್ನೋರು ಕೇಳ್ತಾರೆ, ನಮಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಒಬ್ರಿಗೆ ಕಮ್ಮಿ ಮಾಡಿದ್ರಿ ಅಂದ್ರೆ ಮುಂದಿನ ಶನಿವಾರದೊಳಗೆ ಊರಿಗೆಲ್ಲ ಗೊತ್ತು, ಪೂರ್ತಿ ದುಡ್ಡು ಕೊಟ್ಟೋರಿಗೆ ಬೇಜಾರು. ಬೆಲೆ ಇಳಿಸ್ಬೇಡಿ, ಏನಾದ್ರೂ ಸೇರಿಸಿ ಕೊಡಿ. ಎಂಟು ವಾಲೆಟ್ ಪ್ರಿಂಟು, ಅಥವಾ ಅಪ್ಪ ಅಮ್ಮನ ಜೊತೆ ಹತ್ತು ನಿಮಿಷದ ಫ್ಯಾಮಿಲಿ ಫೋಟೋ. "ಬೆಲೆ ಎಲ್ರಿಗೂ ಒಂದೇ ಇಟ್ಟಿದೀನಿ, ನಿಮಗೋಸ್ಕರ ಇದನ್ನ ಸೇರಿಸ್ತೀನಿ" ಅಂದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ. ಒಟ್ಟಿಗೆ ಕಟ್ಟೋಕೆ ಕಷ್ಟ ಅನ್ನೋರಿಗೆ ಮೂರು ಕಂತು ಕೊಡಿ, ಮೂರನೇದು ಬಂದ್ಮೇಲೆ ಲ್ಯಾಬಿಗೆ ಹಾಕಿ.

ಹಂತ 5: ಗಿರಾಕಿ ಹುಡುಕೋದು

ಫೋಟೋ ಆರಿಸೋರು ಮಗು, ದುಡ್ಡು ಕೊಡೋರು ಅಪ್ಪ ಅಮ್ಮ. ಪ್ರಚಾರ ಇಬ್ರಿಗೂ ಬೇರೆ ಬೇರೆ. ಮಕ್ಕಳು ಇನ್‌ಸ್ಟಾಗ್ರಾಂ ನೋಡ್ತಾರೆ, ಅಲ್ಲಿ ಜಾಗ, ಬಟ್ಟೆ, ಶೂಟ್ ಹಿಂದಿನ ವಿಡಿಯೋ ಹಾಕಿ. ಅಪ್ಪ ಅಮ್ಮಂದಿರು ವಾಟ್ಸಾಪ್ ಗ್ರೂಪು, ಫೇಸ್‌ಬುಕ್ಕು, ಅಲ್ಲಿ ಗೋಡೆ ಮೇಲಿರೋ ಪ್ರಿಂಟು, ಕೈಯಲ್ಲಿರೋ ಆಲ್ಬಮ್ಮು ತೋರಿಸಿ. ನೀವು ಏನ್ ತೋರಿಸ್ತೀರೋ ಜನ ಅದನ್ನೇ ಕೇಳೋದು, ಬರೀ ಡಿಜಿಟಲ್ ಫೋಟೋ ಪೋಸ್ಟ್ ಮಾಡ್ತಾ ಇದ್ರೆ ಬರೀ ಡಿಜಿಟಲ್ ಕೇಳ್ತಾರೆ.

ಸೀನಿಯರ್ ರೆಪ್ ಅಂತ ಒಂದು ಪದ್ಧತಿ ಇದೆ. ಬೇರೆ ಬೇರೆ ಹೈಸ್ಕೂಲಿಂದ ಒಬ್ಬೊಬ್ಬ ಜೂನಿಯರ್‌ನ ಆರಿಸ್ಕೊಂಡು, ವಸಂತದಲ್ಲಿ ಅವರಿಗೆ ಒಂದು ಚಿಕ್ಕ ಸೆಷನ್ ಮಾಡಿ, ಅವರು ಫ್ರೆಂಡ್ಸಿಗೆ ಹೇಳಿ ಯಾರಾದ್ರೂ ಬುಕ್ ಮಾಡಿದ್ರೆ ಅವರ ಲೆಕ್ಕಕ್ಕೆ ಪ್ರಿಂಟ್ ಕ್ರೆಡಿಟ್ ಹಾಕೋದು, ಅಂದ್ರೆ ನಿಮ್ಮ ಹತ್ರ ಪ್ರಿಂಟ್ ತಗೊಳ್ಳೋಕೆ ಮಾತ್ರ ನಡೆಯೋ ದುಡ್ಡು. ಒಳ್ಳೆ ಪದ್ಧತಿ, ಆದ್ರೆ ರೆಪ್‌ಗೆ ಎಲ್ಲಾ ಫೈಲೂ ಪುಕ್ಕಟೆ ಕೊಟ್ರೆ ಅವರ ಫ್ರೆಂಡ್ಸೂ ಪುಕ್ಕಟೆ ಅಂತಾನೇ ಬರ್ತಾರೆ. ನಾಲ್ಕೈದು ಜನ ಸಾಕು.

ಇಲ್ಲಿ ಮೂರು ಎಚ್ಚರಿಕೆ, ಮೂರೂ ಗಂಭೀರ. 18 ತುಂಬದೇ ಇರೋ ಮಗು ಜೊತೆ ಒಬ್ಬರೇ ಮೆಸೇಜ್ ಮಾಡ್ಬೇಡಿ, ಅಪ್ಪ ಅಥವಾ ಅಮ್ಮ ಇರೋ ಗ್ರೂಪಲ್ಲೇ ಮಾತಾಡಿ, ಶೂಟಿಗೂ ದೊಡ್ಡೋರು ಒಬ್ರು ಬರ್ಲೇಬೇಕು. ಕಾಂಟ್ರ್ಯಾಕ್ಟಿಗೂ, ಮಾಡೆಲ್ ರಿಲೀಸಿಗೂ, ಅಂದ್ರೆ ಫೋಟೋನ ಪ್ರಚಾರಕ್ಕೆ ಬಳಸೋ ಒಪ್ಪಿಗೆ ಪತ್ರಕ್ಕೂ, ಸಹಿ ಪೋಷಕರದ್ದೇ ಆಗ್ಬೇಕು. ಮೂರನೇದು, ಸ್ಕೂಲಿನ ಲೋಗೋ, ಹೆಸರು ನಿಮ್ಮ ಜಾಹೀರಾತಲ್ಲಿ ಹಾಕ್ಬೇಡಿ, ಸ್ಕೂಲ್ ಆವರಣದಲ್ಲಿ ಪಾಂಪ್ಲೆಟ್ ಹಂಚ್ಬೇಡಿ.

ಕೂಟದ ಯುಗಾದಿ ಕಾರ್ಯಕ್ರಮ ಮಾರ್ಚ್ ಏಪ್ರಿಲಲ್ಲಿ ಬರುತ್ತಲ್ಲ, ಬುಕಿಂಗಿಗೆ ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಕಮಿಟಿಯೋರ ಒಪ್ಪಿಗೆ ತಗೊಂಡು ಒಂದು ಟೇಬಲ್ ಹಾಕಿ, ಸ್ಯಾಂಪಲ್ ಆಲ್ಬಮ್ಮು ಇಡಿ, ಪಕ್ಕದಲ್ಲಿ ಪೆನ್ನು, ಹೆಸರು ಬರ್ಕೊಳ್ಳೋ ಪುಸ್ತಕ. ಮುಟ್ಟಿ ನೋಡೋಕೆ ಬಿಡಿ, ಗಾಜೊಳಗೆ ಇಡ್ಬೇಡಿ.

ಹಂತ 6: ಶೂಟಿಗೆ ಮುಂಚೆ ಮನೆಗೆ ಹೋಗಿ, ಇಲ್ಲ ಅಂದ್ರೆ ವಿಡಿಯೋ ಕಾಲ್ ಮಾಡಿ

ಮಾರಾಟ ನಡೆಯೋದು ಇಲ್ಲೇ. ಆರ್ಡರ್ ದಿನ ಏನಿದ್ರೂ ಬರ್ಕೊಳ್ಳೋದಷ್ಟೇ. ಬೆಲೆ ಪಟ್ಟಿ ಕೈಗೆ ಕೊಡಿ, "ನಮ್ಮಲ್ಲಿ ಸಾಮಾನ್ಯವಾಗಿ ಇಷ್ಟರಿಂದ ಇಷ್ಟಕ್ಕೆ ತಗೊಳ್ತಾರೆ" ಅಂತ ಮುಖ ನೋಡಿ ಹೇಳಿ. ಆಗ್ಲೇ ಬೇಡ ಅಂದ್ರೆ ಒಳ್ಳೇದೇ, ಇಬ್ರ ಸಮಯಾನೂ ಉಳೀತು. ಫೋಟೋ ತೋರಿಸಿ ಅಮ್ಮನ ಕಣ್ಣು ತುಂಬಿದ್ಮೇಲೆ ಬೆಲೆ ಹೇಳೋದು ಮೋಸ, ಹಾಗೆ ಮಾಡೋರಿದಾರೆ, ನೀವು ಮಾಡ್ಬೇಡಿ.

ಗೋಡೆ ನೋಡಿ. ನಾನು ಕಾರಲ್ಲಿ ಯಾವಾಗ್ಲೂ ಒಂದು ರೋಲ್ ನೀಲಿ ಪೇಂಟರ್ಸ್ ಟೇಪು, ಒಂದು ಅಳತೆ ಟೇಪು ಇಟ್ಟಿರ್ತೀನಿ. ಒಂದು ಮನೇಲಿ ಯಜಮಾನರು "ಸೋಫಾ ಮೇಲೆ 8×10 ಸಾಕು, ದೊಡ್ಡದಾಗೇ ಇರುತ್ತಲ್ಲ" ಅಂದ್ರು. ಗೋಡೆ ಮೇಲೆ ಟೇಪಲ್ಲಿ 8×10 ಚೌಕ ಅಂಟಿಸ್ದೆ, ಏಳಡಿ ಸೋಫಾ ಮೇಲೆ ಅದು ಲೈಟ್ ಸ್ವಿಚ್ಚಿನ ಥರ ಕಾಣಿಸ್ತು. ಪಕ್ಕದಲ್ಲಿ 20×30 ಅಂಟಿಸ್ದೆ. ಅವರೇ ಎದ್ದು ಬಾಗಿಲ ತನಕ ಹೋಗಿ ತಿರುಗಿ ನೋಡಿ, ಅಡುಗೆಮನೆಯಿಂದ ಮಗು ಅಮ್ಮನ್ನ ಕರೆದು ತೋರಿಸಿ, "ಇದೇ ಸರಿ" ಅಂದ್ರು. ನಾನು ಒಂದು ಮಾತೂ ಆಡ್ಲಿಲ್ಲ. ಲೆಕ್ಕ ಸುಲಭ: ಸೋಫಾ ಅಗಲದ ಮೂರರಲ್ಲಿ ಎರಡು ಭಾಗ ತುಂಬಿದ್ರೆ ಕಣ್ಣಿಗೆ ಹಿತ. ಏಳಡಿ ಅಂದ್ರೆ 84 ಇಂಚು, ಅದರಲ್ಲಿ 56, ಅಲ್ಲಿಗೆ ಒಂದು 30 ಇಂಚಿಂದು, ಎಡಬಲಕ್ಕೆ ಚಿಕ್ಕದು ಒಂದೊಂದು.

ಇದೇ ದಿನ ಬಟ್ಟೆ ಮಾತಾಡಿ. ಒಂದು ಅವರಿಷ್ಟದ್ದು, ಒಂದು ಆಟ ಅಥವಾ ವಾದ್ಯದ ಜೊತೆ, ಒಂದು ನಮ್ಮ ಉಡುಗೆ. ಅಜ್ಜಿಯ ಇಳಕಲ್ ಸೀರೆ ಇದ್ರೆ ತೆಗೆದಿಡೋಕೆ ಹೇಳಿ, ಆ ಫೋಟೋನೇ ಊರಿಗೆ ಹೋಗೋ ಆಲ್ಬಮ್ಮಿನ ಮುಖಪುಟ ಆಗುತ್ತೆ. ಮಗುಗೆ ಇಷ್ಟ ಇಲ್ಲ ಅಂದ್ರೆ ಒತ್ತಾಯ ಬೇಡ, ಬಲವಂತದ ನಗು ಪ್ರಿಂಟಲ್ಲಿ ಎದ್ದು ಕಾಣುತ್ತೆ.

ಇಯರ್‌ಬುಕ್ ವಿಷಯಾನೂ ಈಗ್ಲೇ ಕೇಳಿ. ಕೆಲವು ಸ್ಕೂಲುಗಳು ಗುತ್ತಿಗೆ ಪಡೆದ ಸ್ಟುಡಿಯೋ ತೆಗೆದ ಫೋಟೋ ಬಿಟ್ರೆ ಬೇರೆ ತಗೊಳ್ಳಲ್ಲ, ಹುಡುಗೀರಿಗೆ ಭುಜದ ಮೇಲೆ ಕಪ್ಪು ಡ್ರೇಪು, ಹುಡುಗರಿಗೆ ಟಕ್ಸ್ ಕೋಟು ಅಂತ ಒಂದೇ ಥರ ಇರ್ಬೇಕು ಅಂತಾವೆ. "ನಿಮ್ಮ ಫೋಟೋನೇ ಇಯರ್‌ಬುಕ್ಕಿಗೆ ಹೋಗುತ್ತೆ" ಅಂತ ಸ್ಕೂಲಲ್ಲಿ ಕೇಳ್ದೆ ಮಾತು ಕೊಡ್ಬೇಡಿ.

ಹಂತ 7: ಮಾರೋದನ್ನ ತಲೇಲಿಟ್ಕೊಂಡು ಶೂಟ್ ಮಾಡಿ

ಇಲ್ಲಿ ಫೋಟೋ ತೆಗೆಯೋದು ಹೇಗೆ ಅಂತ ಹೇಳಲ್ಲ, ಅದು ನಿಮಗೆ ಗೊತ್ತು. ಮಾರಾಟಕ್ಕೆ ಬೇಕಾದ್ದಷ್ಟೇ ಹೇಳ್ತೀನಿ. ಕ್ಯಾಮೆರಾ ಫ್ರೇಮು 2:3, 8×10 ಪ್ರಿಂಟು 4:5, ಅದಕ್ಕೆ ತಲೆ ಮೇಲೆ ಕಾಲ ಕೆಳಗೆ ಜಾಗ ಬಿಟ್ಟು ತೆಗೀರಿ, ಇಲ್ಲಾಂದ್ರೆ ಪ್ರಿಂಟ್ ಹಾಕೋವಾಗ ಪಾದ ಹೋಗುತ್ತೆ. ಆಲ್ಬಮ್ಮಿಗೆ ಅಡ್ಡ ಫೋಟೋನೂ ಬೇಕು, ಕೈ, ಗೆಜ್ಜೆ, ಶೂ ಲೇಸು ಥರದ ಹತ್ತಿರದ ಶಾಟೂ ಬೇಕು. 24 ಮೆಗಾಪಿಕ್ಸೆಲ್ ಅಂದ್ರೆ 6000×4000 ಚುಕ್ಕೆ, 20×30 ಪ್ರಿಂಟಿಗೆ ಇಂಚಿಗೆ 200 ಬರುತ್ತೆ, ಧಾರಾಳ ಸಾಕು, ಹೊಸ ಕ್ಯಾಮೆರಾ ಬೇಡ.

ಜಾಗದ ವಿಷಯದಲ್ಲಿ, ರೈಲ್ವೆ ಹಳಿ ಮೇಲೆ ಯಾವ ಕಾರಣಕ್ಕೂ ಬೇಡ. ಸೀನಿಯರ್ ಫೋಟೋಗೆ ಹಳಿ ಮೇಲೆ ನಿಲ್ಲಿಸೋದು ಇಲ್ಲಿ ಫ್ಯಾಷನ್ ಆಗಿತ್ತು, ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ, ರೈಲು ಹತ್ತಿರ ಬರೋ ತನಕ ಸದ್ದೇ ಗೊತ್ತಾಗಲ್ಲ. ಬ್ಲೂಬಾನೆಟ್, ಅಂದ್ರೆ ಇಲ್ಲಿನ ನೀಲಿ ಕಾಡುಹೂವು, ಅರಳೋದು ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದ ತನಕ, ಅದರ ಮಧ್ಯೆ ಫೋಟೋ ತೆಗೆಯೋಕೆ ಅಂತ ಹೈವೇ ಪಕ್ಕ ಕಾರ್ ನಿಲ್ಲಿಸಿ ಇಳೀಬೇಡಿ, ಹೂವಿನೊಳಗೆ ಹಾವಿರುತ್ತೆ. ಊರಿನ ಪಾರ್ಕು, ಬೊಟಾನಿಕಲ್ ಗಾರ್ಡನ್ನು ಎಷ್ಟೋ ಕಡೆ ದುಡ್ಡು ತಗೊಂಡು ಮಾಡೋ ಶೂಟಿಗೆ ಪರ್ಮಿಟ್ ಬೇಕು, ಮುಂಚೇನೇ ಫೋನ್ ಮಾಡಿ. ಜೂನ್ ಕೊನೇಲಿ ಡಾಲಸಲ್ಲಿ ಸೂರ್ಯ ಮುಳುಗೋದು ಎಂಟೂ ನಲವತ್ತರ ಹತ್ರ, ಏಳೂವರೆ ಮುಂಚೆ ಕರೆದ್ರೆ ರೇಷ್ಮೆ ಸೀರೇಲಿ ಮಗು ಬೆವೆತು ಹೋಗುತ್ತೆ.

ಹಂತ 8: ಆರ್ಡರ್ ದಿನ

ಇದಕ್ಕೆ ಐಪಿಎಸ್ ಅಂತಾರೆ, ಇನ್ ಪರ್ಸನ್ ಸೇಲ್ಸ್, ಎದುರು ಕೂತು ಮಾರೋದು. ಶೂಟ್ ಆಗಿ ಹತ್ತು ಹದಿನಾಲ್ಕು ದಿನದೊಳಗೆ ಇಟ್ಕೊಳ್ಳಿ, ಡೇಟ್ ಬುಕಿಂಗ್ ದಿನಾನೇ ಗೊತ್ತು ಮಾಡಿ. ದುಡ್ಡಿನ ತೀರ್ಮಾನ ಮಾಡೋ ಇಬ್ರೂ ಇರ್ಬೇಕು, ಒಬ್ರೇ ಇದ್ರೆ "ಅವರನ್ನ ಕೇಳಿ ಹೇಳ್ತೀನಿ" ಅಂತ ಆಗಿ ಅಲ್ಲಿಗೇ ನಿಲ್ಲುತ್ತೆ. ಇದಕ್ಕೆ ಮುಂಚೆ ಫೋಟೋ ಕಳಿಸ್ಬೇಡಿ, ಒಂದೇ ಒಂದು ಇನ್‌ಸ್ಟಾಗ್ರಾಂಗೆ ಅಂತ ಕೊಡಿ ಸಾಕು.

ಮುನ್ನೂರು ಫೋಟೋ ತೋರಿಸ್ಬೇಡಿ. ಒಂದೇ ನಗುವಿಂದು ಆರಿದ್ರೆ ನೀವೇ ಐದನ್ನ ತೆಗೆದುಹಾಕಿ, 35-40ಕ್ಕೆ ನಿಲ್ಲಿಸಿ. ಅವರ ಟಿವಿಗೆ ಲ್ಯಾಪ್‌ಟಾಪ್ ಹಾಕಿ ಮೊದಲು ಒಂದ್ಸಲ ಸುಮ್ನೆ ಪೂರ್ತಿ ನೋಡೋಕೆ ಬಿಡಿ, ನೀವು ಮಾತಾಡ್ಬೇಡಿ. ಎರಡನೇ ಸಲ ಒಂದೊಂದಕ್ಕೂ "ಇಷ್ಟ, ಇರ್ಲಿ, ಬೇಡ" ಅಂತ ಮೂರು ಗುಂಪು ಮಾಡಿ. ಆಮೇಲೆ ಗೋಡೆಯಿಂದ ಶುರು ಮಾಡಿ, ಶೂಟಿಗೆ ಮುಂಚೆ ಮನೆಗೆ ಹೋದಾಗ ತೆಗೆದಿಟ್ಟ ಗೋಡೆ ಫೋಟೋ ಮೇಲೆ ಅವರ ಮಗು ಫೋಟೋ ಅದೇ ಅಳತೇಲಿ ಕೂರಿಸಿ ತೋರಿಸಿ, ಪ್ರೊಸೆಲೆಕ್ಟ್ ಥರದ ಸಾಫ್ಟ್‌ವೇರಲ್ಲಿ ಇದು ಆಗುತ್ತೆ. ದೊಡ್ಡದಾದ್ಮೇಲೆ ಆಲ್ಬಮ್ಮು, ಬಾಕ್ಸು, ಕೊನೇಲಿ ಕಾರ್ಡು ವಾಲೆಟ್ಟು. ಚಿಕ್ಕದ್ರಿಂದ ಶುರು ಮಾಡಿದ್ರೆ ಅಲ್ಲೇ ಸುಸ್ತಾಗಿ ಕಾಫಿ ಕುಡ್ದು ಎದ್ಬಿಡ್ತಾರೆ.

ಬೆಲೆ ಹೇಳಿದ್ಮೇಲೆ ಸುಮ್ನಿರಿ. ನಾವು ಆ ನಿಶ್ಶಬ್ದ ತಡೀಲಾರ್ದೆ "ಜಾಸ್ತಿ ಅನ್ಸಿದ್ರೆ ಕಮ್ಮಿ ಮಾಡೋಣ" ಅಂತ ನಾವೇ ಹೇಳ್ಬಿಡ್ತೀವಿ. ಅವರು ಯೋಚನೆ ಮಾಡ್ತಿರೋದು ಯಾವ ಗೋಡೆ ಅಂತ ಇರ್ಬಹುದು. ಅದೇ ಥರ, ಬೇಡ ಅಂದ್ರೆ ಬೇಡ, ಎರಡನೇ ಸಲ ಒತ್ತಬೇಡಿ. ಚಿಕ್ಕ ಕಲೆಕ್ಷನ್ ತಗೊಂಡು ಖುಷಿಯಾಗಿರೋ ಮನೆಯಿಂದ ತಂಗಿ ಸೆಷನ್ ಬರುತ್ತೆ, ದೊಡ್ಡದು ತಗೊಂಡು ಕೊರಗ್ತಿರೋ ಮನೆಯಿಂದ ಬರಲ್ಲ.

ಇನ್ನೊಂದು ಮಾತು ಈ ಹೊತ್ತಲ್ಲೇ ಬರೋದು, "ಸ್ವಲ್ಪ ಬೆಳ್ಳಗೆ ಮಾಡ್ತೀರಾ" ಅಂತ. ಮೊಡವೆ ತೆಗೀರಿ, ಗಾಯದ ಕಲೆ ಕೇಳಿ ತೆಗೀರಿ, ಬಣ್ಣ ಮಾತ್ರ ಬದಲಾಯಿಸ್ಬೇಡಿ. ಮಗು ಅಲ್ಲೇ ಕೂತಿರುತ್ತೆ, ಕೇಳಿಸ್ಕೊಳ್ತಿರುತ್ತೆ. "ಅವಳ ಬಣ್ಣ ಬೆಳಕಲ್ಲಿ ಎಷ್ಟು ಚೆನ್ನಾಗಿ ಬಂದಿದೆ ನೋಡಿ, ಅದನ್ನ ನಾನು ಮುಟ್ಟಲ್ಲ" ಅಂತ ಮೆತ್ತಗೆ ಹೇಳಿ ಮುಂದಿನ ಫೋಟೋಗೆ ಹೋಗಿ. ಇದುವರೆಗೂ ಇದಕ್ಕೆ ಯಾರೂ ಆರ್ಡರ್ ಕ್ಯಾನ್ಸಲ್ ಮಾಡಿಲ್ಲ.

ದೂರದಲ್ಲಿರೋರಿಗೆ ಝೂಮಲ್ಲೂ ಇದನ್ನೇ ಮಾಡ್ಬಹುದು, ಸ್ಯಾಂಪಲ್ ಕೈಯಲ್ಲಿ ಹಿಡಿದು ಕ್ಯಾಮೆರಾಗೆ ತೋರಿಸಿ. ಪಿಕ್ಸಿಸೆಟ್, ಶೂಟ್‌ಪ್ರೂಫ್ ಥರದ ಆನ್‌ಲೈನ್ ಗ್ಯಾಲರೀನ ಆರ್ಡರ್ ಆದ್ಮೇಲೆ ನೆಂಟ್ರಿಗೆ ಅಂತ ತೆರೀರಿ, ಮುಚ್ಚೋ ದಿನಾಂಕ ಹಾಕಿ.

ಹಂತ 9: ಆರ್ಡರ್ ಹಾಕೋದು, ತಲುಪಿಸೋದು

ಎದ್ದು ಬರೋ ಮುಂಚೆ ಪಟ್ಟಿ ಬರೆದು ಫೋಟೋ ನಂಬರು, ಸೈಜು, ಕ್ರಾಪು, ಹೆಸರಿನ ಸ್ಪೆಲ್ಲಿಂಗು ಎಲ್ಲಕ್ಕೂ ಸಹಿ ತಗೊಳ್ಳಿ. ಶ್ರೀ ಅನ್ನೋದನ್ನ ಇಂಗ್ಲಿಷಲ್ಲಿ ಬರೆಯೋವಾಗ ಒಂದು ಐ ಹಾಕ್ತಾರಾ ಎರಡು ಇ ಹಾಕ್ತಾರಾ ಅಂತ ಕೇಳ್ದೆ ಐವತ್ತು ಕಾರ್ಡ್ ಪ್ರಿಂಟ್ ಹಾಕ್ಸಿ ತಿರುಗಿ ಹಾಕ್ಸಿದ್ದು ನನ್ನ ತಪ್ಪು, ಆ ಖರ್ಚು ನಾನೇ ಹೊತ್ತೆ, ಅವತ್ತಿಂದ ಹೆಸರನ್ನ ಅವರ ಕೈಯಲ್ಲೇ ಬರೆಸ್ಕೊಳ್ತೀನಿ. ಪೂರ್ತಿ ದುಡ್ಡು ಬಂದ್ಮೇಲೇನೇ ಲ್ಯಾಬಿಗೆ ಕಳಿಸಿ.

ಲ್ಯಾಬಿಂದ ಗಿರಾಕಿ ಮನೆಗೆ ನೇರ ಕಳಿಸ್ಬೇಡಿ, ನಿಮ್ಮನೆಗೆ ತರಿಸಿ ಕಿಟಕಿ ಬೆಳಕಲ್ಲಿ ಒಂದೊಂದೂ ನೋಡಿ, ಮೂಲೆ ಜಜ್ಜಿದ್ಯಾ, ಬಣ್ಣ ಸರಿ ಇದ್ಯಾ ಅಂತ. ಕ್ಯಾನ್ವಾಸ್ ಕೊಡೋಕೆ ಹೋಗೋವಾಗ ಮೊಳೆ, ಸುತ್ತಿಗೆ, ಲೆವೆಲ್ ತಗೊಂಡು ಹೋಗಿ ನೀವೇ ತೂಗುಹಾಕಿ ಬನ್ನಿ, ಕೊಟ್ಟು ಬಂದ್ರೆ ಅದು ಆರು ತಿಂಗಳು ಬೀರು ಹಿಂದೆ ನಿಂತಿರುತ್ತೆ. ಕಾಲು ಗಂಟೆ ಕೆಲಸ. ತೂಗುಹಾಕಿದ್ಮೇಲೆ ಮಗುನ ಅದರ ಪಕ್ಕ ನಿಲ್ಲಿಸಿ ಫೋನಲ್ಲಿ ಒಂದು ಫೋಟೋ ತೆಗೀರಿ, ಹಾಕ್ಬಹುದಾ ಅಂತ ಅಮ್ಮನ್ನ ಕೇಳಿ, ಮುಂದಿನ ಜನವರೀಲಿ ನಿಮ್ಮ ಮೊದಲ ಪೋಸ್ಟು ಅದೇ. ಫೈಲುಗಳನ್ನ ಎರಡು ಬೇರೆ ಬೇರೆ ಡ್ರೈವಲ್ಲಿ ಇಟ್ಕೊಳ್ಳಿ, ತಮ್ಮನೋ ತಂಗಿನೋ ಯಾವ ಕ್ಲಾಸು ಅಂತ ಕೇಳಿ ಕ್ಯಾಲೆಂಡರಲ್ಲಿ ಅವರ ಜೂನಿಯರ್ ವರ್ಷದ ಜನವರಿಗೆ ಹೆಸರು ಬರ್ಕೊಳ್ಳಿ.